ಖಾಲಿ ಕಳಿಸೋ ಹಾಗಿಲ್ಲ

ಕಮಲಾಕ್ಷಿ: ಖಾಲಿ ಡಬ್ಬಿ ನಾನಂತೂ ಕಳಿಸಲ್ಲ. ಬೇಕಿದ್ರೆ ನೀವೇ ಕೊಟ್ಟು ಬನ್ನಿ. ಆಮೇಲೆ ಆ ಮನೆ ಮುಂದೆ ತಲೆ ಎತ್ಕೊಂಡು ಓಡಾಡೋ ಕೆಲಸಾನೂ ನೀವೇ ನೋಡ್ಕೊಳ್ಳಿ.

ನಾನು: ಪೂರ್ತಿ ಖಾಲಿ ಯಾಕೆ? ಒಂದು ಚಿಟಿಕೆ ಸಕ್ಕರೆ ಹಾಕು. ನಮ್ಮಮ್ಮ ಹಾಗೇ ಮಾಡ್ತಿದ್ದಿದ್ದು.

ಕಮಲಾಕ್ಷಿ: ನಿಮ್ಮಮ್ಮ ಸಕ್ಕರೆ ಹಾಕ್ತಿದ್ದಿದ್ದು ಮಜ್ಜಿಗೆ ಬಂದ ಪಾತ್ರೆಗೆ. ಇದರಲ್ಲಿ ಬಂದಿರೋದು ಮೋಹನಥಾಳ್. ಮುಟ್ಟಿದ್ರೆ ಬೆರಳಿಗೆ ತುಪ್ಪ ಹತ್ತುತ್ತೆ. ಅದಕ್ಕೆ ಚಿಟಿಕೆ ಸಕ್ಕರೆ ಕಳಿಸಿದ್ರೆ ಸುಮಿತ್ರಾಬೆನ್ ಏನಂದ್ಕೋತಾರೆ?

ನಾನು: ಸಕ್ಕರೆ ಅಂದ್ಕೋತಾರೆ.

ಅವಳು ನನ್ನನ್ನು ನೋಡಿದ ರೀತಿಗೆ, ಕೈಯಲ್ಲಿದ್ದ ಬೂದಿಯ ಬಟ್ಟಲನ್ನು ನಾನೇ ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡೆ. ವಾದಕ್ಕೆ ಕಾರಣವಾದ ಡಬ್ಬಿ ನಮ್ಮಿಬ್ಬರ ನಡುವೆ ಹಿತ್ತಲ ಕಟ್ಟೆಯ ಮೇಲೆ ಕುಳಿತಿತ್ತು. ಲೀಟರು ಹಾಲು ಹಿಡಿಸುವಂಥ ಸ್ಟೀಲ್ ಡಬ್ಬಿ, ಬಿಗಿಯಾದ ಮುಚ್ಚಳ, ಒಳಗೆ ಇನ್ನೂ ಎರಡು ತುಂಡು ಸಿಹಿ.

ನಾವಿರುವುದು ವಡೋದರಾದಿಂದ ದಕ್ಷಿಣಕ್ಕೆ, ಪೋರ್ ಕಡೆಯ ಒಂದು ಹಳ್ಳಿಯಲ್ಲಿ, ಹೆಂಚಿನ ಬಾಡಿಗೆ ಮನೆಯಲ್ಲಿ. ಮಕರಪುರಾದ ವಾಲ್ವ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ದುಡಿದು, ಹೋದ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡೆ. ತೆಗೆದುಕೊಂಡವನು ಸುಮ್ಮನಿರಬೇಕಿತ್ತು. 'ಇನ್ನು ಸರಳ ಜೀವನ' ಎಂದು ಘೋಷಿಸಿ, ಮಂಜಲ್‌ಪುರದ ಸ್ವಂತ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು, ಹೆಂಡತಿಯನ್ನೂ ಹತ್ತನೇ ತರಗತಿಯ ಮಗಳು ವಿಂಧ್ಯಾಳನ್ನೂ ಇಲ್ಲಿಗೆ ಕರೆತಂದೆ. ಅಡುಗೆಮನೆಯ ಗೋಡೆಗೆ ಸರಳ ಜೀವನದ ಸೂತ್ರಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿದೆ. ಒಂದು, ಇಲ್ಲದೆ ನಡೆಯುವುದನ್ನು ಕೊಳ್ಳಬಾರದು. ಎರಡು, ಇರುವುದನ್ನು ಎಸೆಯಬಾರದು. ಮೂರು, ಫ್ರಿಜ್ ಬೇಡ, ಮಣ್ಣಿನ ಮಡಕೆ ಸಾಕು. ಮರುದಿನ ನೋಡಿದರೆ ನಾಲ್ಕನೆಯದೊಂದು ಸೇರಿಕೊಂಡಿತ್ತು: ಪಾತ್ರೆ ತೊಳೆಯುವವನು ಮನೆಯ ಯಜಮಾನ. ಅಕ್ಷರ ಕಮಲಾಕ್ಷಿಯದು.

ಹಾಗಾಗಿ ಬಂದ ತಿಂಡಿಯನ್ನು ಡಬ್ಬಿಯ ಮೇಲಿನಿಂದ ತೆಗೆಯುವವಳೂ ಮೇಲಿನಿಂದ ತುಂಬುವವಳೂ ಅವಳು. ಅಡಿಯ ವ್ಯವಹಾರವೆಲ್ಲ ನನ್ನದು. ನೀರು ಸಿಡಿಯುತ್ತದೆಂದು ಕನ್ನಡಕ ತೆಗೆದಿಟ್ಟು, ಬೂದಿ ಹಾಕಿ ತಿಕ್ಕುತ್ತೇನೆ. ಈ ಡಬ್ಬಿಯ ಅಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಏನೋ ಕೆತ್ತಿದ್ದು ಬೆರಳಿಗೆ ತಗಲುತ್ತಿತ್ತು. ಸುಮಿತ್ರಾಬೆನ್ ಹೆಸರಿರಬೇಕು, ಗುಜರಾತಿಯಲ್ಲಿ, ಎಂದುಕೊಂಡು ಆ ಜಾಗವನ್ನು ಸ್ವಲ್ಪ ಮರ್ಯಾದೆಯಿಂದಲೇ ತಿಕ್ಕುತ್ತಿದ್ದೆ.

ಸುಮಿತ್ರಾಬೆನ್ ಎಂದರೆ ಪಕ್ಕದ ಮನೆಯಾಕೆ. ಎರಡು ಎಮ್ಮೆ, ನಾಲ್ಕು ಬೀಘಾ ಹೊಲ, ಬಾಯಿತುಂಬ ನಗು. ಇಬ್ಬರ ಮನೆಗೂ ನಡುವೆ ಇರುವುದು ಸೊಂಟದೆತ್ತರದ ಒಂದು ಗೋಡೆ. ಈ ಡಬ್ಬಿ ಹತ್ತು ತಿಂಗಳಿಂದ ಆ ಗೋಡೆಯನ್ನು ಹಾರುತ್ತಲೇ ಇತ್ತು. ಮೊದಲು ಆ ಕಡೆಯಿಂದ ಮಜ್ಜಿಗೆ ಬಂತು. ಖಾಲಿ ಕಳಿಸುವುದು ಹೇಗೆಂದು ನಾವು ಸಾರು ಹಾಕಿ ಕಳಿಸಿದೆವು. ಅವರು ಮೆಂತ್ಯದ ಥೇಪ್ಲಾ ಹಾಕಿದರು. ನಾವು ಚಿತ್ರಾನ್ನ. ಅವರು ತುಪ್ಪ ಬೆಲ್ಲದ ಸುಖಡಿ. ನಾವು ಕೊಬ್ಬರಿ ಮಿಠಾಯಿ. ಉತ್ತರಾಯಣದ ದಿನ ಅವರು ತರಕಾರಿಗಳ ಉಂಧಿಯು ಪಲ್ಯ ಕಳಿಸಿದಾಗ ಕಮಲಾಕ್ಷಿ ಬಿಸಿಬೇಳೆಬಾತಿಗೆ ಇದ್ದ ಗೋಡಂಬಿಯನ್ನೆಲ್ಲ ಸುರಿದಳು. ಈಗ ಮೋಹನಥಾಳ್ ಬಂದು ಕುಳಿತಿದೆ. ಇದಕ್ಕೆ ಸಮನಾದದ್ದು ನಮ್ಮ ಕಡೆ ಒಬ್ಬಟ್ಟು ಒಂದೇ. ಮನೆಯಲ್ಲಿ ತುಪ್ಪ ಇರಲಿಲ್ಲ.

ಕಮಲಾಕ್ಷಿ: ಸರಳ ಜೀವನ ಅಂತ ಕರ್ಕೊಂಡು ಬಂದ್ರಿ. ಮನೆಯವರು ಮೂರು ಹೊತ್ತೂ ಹುಳಿಯನ್ನ ತಿನ್ನೋದು, ಡಬ್ಬಿ ಮಾತ್ರ ದಿನಾ ಹಬ್ಬ ಮಾಡೋದು. ಮನೆಗೆ ಮಾರಿ, ಪರರಿಗೆ ಉಪಕಾರಿ.

ನಾನು: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಾನು ಹೇಳ್ತಾನೇ ಇದೀನಿ.

ಕಮಲಾಕ್ಷಿ: ಕಾಲು ಅಷ್ಟಕ್ಕೇ ಇದೆ. ಡಬ್ಬಿ ಪಕ್ಕದ ಮನೆವರೆಗೆ ಚಾಚಿದೆ. ಶುರು ಮಾಡಿದ್ದು ಯಾರು? ಸಾರು ಕಳಿಸು ಸಾರು ಕಳಿಸು ಅಂತ ಪ್ರಾಣ ತಿಂದಿದ್ದು ಯಾರು?

ನಾನು: ಅವರು ಕೇಳಿದ್ರು.

ಕಮಲಾಕ್ಷಿ: ಅವರು ಕೇಳ್ಲಿಲ್ಲ. 'ಬಹು ಸಾರುಂ' ಅಂದ್ರು. ಬಹಳ ಚೆನ್ನಾಗಿದೆ ಅಂತ. ಗುಜರಾತಲ್ಲಿ ಅರ್ಧ ಆಯಸ್ಸು ಕಳೆದಿದೀರ, ಅಷ್ಟು ತಿಳೀಲಿಲ್ವಾ?

ನಾನು: ತಿಳಿಯುತ್ತೆ ಕಣೇ. ಆದ್ರೆ ಅವರ ಕೈಲಿ ಇದ್ದಿದ್ದು ಸಾರೇ. ಅದರ ಹೆಸರು ಸಾರು ಅಂತ ವಿಂಧ್ಯಾ ಮೊದಲೇ ಹೇಳ್ಕೊಟ್ಟಿದ್ಲು. ಸಾರು ಹಿಡ್ಕೊಂಡು 'ಸಾರು, ಸಾರು, ಬಹು ಸಾರು' ಅಂದ್ರೆ ಯಾವುದು ಸಾರು, ಯಾವುದು ಚೆನ್ನಾಗಿರೋದು ಅಂತ ನಾನು ಎಲ್ಲಿ ಗೆರೆ ಎಳೀಲಿ? ಇನ್ನೂ ಬೇಕೇನೋ ಅಂದ್ಕೊಂಡೆ.

ಕಮಲಾಕ್ಷಿ: ನಮ್ಮತ್ತಿಗೆ ಕಳಿಸಿದ್ದ ಸಾರಿನ ಪುಡಿ ವರ್ಷಕ್ಕಾಗಬೇಕಿತ್ತು. ಮೂರು ತಿಂಗಳಿಗೆ ತಳ ಕಂಡಿದ್ದು ನಿಮ್ಮ ಗುಜರಾತಿಯಿಂದ.

ವಾದದಲ್ಲಿ ಸೋತಾಗ ನಾನು ಮಗಳ ಕಡೆ ತಿರುಗುವುದು ರೂಢಿ. ವಿಂಧ್ಯಾ ಬಾಗಿಲ ಬಳಿ ಕುಳಿತು ಮೊಬೈಲು ನೋಡುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಡೋದರಾ. ಗುಜರಾತಿ ನೀರು ಕುಡಿದಂತೆ ಮಾತಾಡುತ್ತಾಳೆ, ಕನ್ನಡ ಮಾತ್ರ ಕಷಾಯ ಕುಡಿದಂತೆ. ಭಾನುವಾರ ಕನ್ನಡ ಓದಬೇಕು ಎಂದು ಹೇಳಿದ್ದೆನಲ್ಲ, ತಾಯಿಭಾಷೆಯ ಅಕ್ಷರ ಕಂಡರೆ ಗುರುತು ಹತ್ತದವರು ಮನುಷ್ಯರೇ ಎಂದು ಐದು ನಿಮಿಷ ಉಪದೇಶ ಮಾಡಿದೆ. ಅವಳು ತಲೆ ಎತ್ತದೆ ಹೂಂಗುಟ್ಟಿದಳು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನನ್ನ ಕೈಯೆಲ್ಲ ಬೂದಿಯಾದ್ದರಿಂದ ಅವಳೇ ಸ್ಪೀಕರ್ ಹಾಕಿ ಹಿಡಿದಳು.

ಕರೆ ಮಾಡಿದ್ದವನು ರಾಕೇಶ್, ನಮ್ಮ ಮಂಜಲ್‌ಪುರದ ಫ್ಲ್ಯಾಟಿನ ಬಾಡಿಗೆದಾರ. ದಾವಣಗೆರೆಯ ಹುಡುಗ, ಕಂಪನಿ ಕೆಲಸ, ತುಂಬ ವಿನಯ.

ರಾಕೇಶ್: ಬಾಲಚಂದ್ರ ಸರ್, ನಮಸ್ಕಾರ. ಅಗ್ರಿಮೆಂಟ್ ಮುಂದಿನ ತಿಂಗಳಿಗೆ ಮುಗಿಯುತ್ತೆ. ಮುಂದುವರಿಸಲಾ, ಬೇರೆ ಕಡೆ ನೋಡ್ಕೊಳ್ಲಾ? ಇನ್ನೊಂದು ಮನೆಯವರು ಇವತ್ತು ಸಂಜೆಯೊಳಗೆ ಹೇಳು ಅಂತ ಕೂತಿದಾರೆ.

ನಾನು: ಅವಸರ ಏನಪ್ಪಾ, ನಾವಂತೂ ಇಲ್ಲಿ…

ಕಮಲಾಕ್ಷಿ (ಒಳಗಿನಿಂದ): ಇನ್ನೂ ಎಷ್ಟು ದಿನ ಅಂತ ಇಟ್ಕೋತೀರಾ? ಮೊದಲು ಖಾಲಿ ಮಾಡ್ಸಿ.

ರಾಕೇಶ್: ಮೇಡಂ ಏನೋ ಅಂದ್ರು ಸರ್.

ನಾನು: ನಿನಗಲ್ಲ ಮಾರಾಯ. ಅದು ಡಬ್ಬಿ ವಿಷಯ.

ರಾಕೇಶ್: ಡಬ್ಬಿನಾ? ಸರ್, ಫ್ಲ್ಯಾಟು ಚಿಕ್ಕದಿರಬಹುದು, ಹಾಗನ್ನಬೇಡಿ. ನಾನು ಇಷ್ಟಪಟ್ಟೇ ಇದೀನಿ.

ಕಮಲಾಕ್ಷಿ: ಖಾಲಿ ಮಾಡ್ಸಿ, ಚೆನ್ನಾಗಿ ತೊಳ್ಸಿ, ಒಂದು ಕಲೆ ಇರಬಾರ್ದು. ಹಾಗೇ ವಾಪಸ್ ಕೊಡೋಕೆ ಮರ್ಯಾದೆ ಬೇಡ್ವಾ?

ರಾಕೇಶ್: ಅಯ್ಯೋ, ತೊಳೆದೇ ಕೊಡ್ತೀನಿ ಮೇಡಂ. ಸರಿ ಸರ್, ಅರ್ಥ ಆಯ್ತು. ಇಷ್ಟು ದಿನ ಇರೋಕೆ ಬಿಟ್ರಲ್ಲ, ಅದೇ ದೊಡ್ಡದು.

ನಾನು ಬೂದಿಗೈಯನ್ನು ಪಂಚೆಗೆ ಒರೆಸಿಕೊಂಡು ಫೋನು ತೆಗೆದುಕೊಳ್ಳುವಷ್ಟರಲ್ಲಿ ಅವನು ಇಟ್ಟಾಗಿತ್ತು. ತಿರುಗಿ ಮಾಡಿದರೆ ಬೇರೆ ಕರೆಯಲ್ಲಿದ್ದಾನೆ ಎಂದು ಹೇಳಿತು. ಆ ಇನ್ನೊಂದು ಮನೆಯವರಿಗೇ ಹೇಳುತ್ತಿರಬೇಕು. ನಡೆದದ್ದನ್ನು ಕಮಲಾಕ್ಷಿಗೆ ವಿವರಿಸಿ, ಸಂಜೆಯೊಳಗೆ ಅವನನ್ನು ಹೇಗಾದರೂ ಹಿಡಿದು ತಡೆಯಬೇಕು ಎಂದೆ.

ಕಮಲಾಕ್ಷಿ: ತಡೀಬೇಡಿ.

ನಾನು: ಅಂದ್ರೆ?

ಕಮಲಾಕ್ಷಿ: ಆಗಿದ್ದು ಒಳ್ಳೇದೇ ಆಯ್ತು. ಅವನು ಖಾಲಿ ಮಾಡ್ಲಿ, ನಾವು ವಾಪಸ್ ಹೋಗೋಣ. ಮಂಜಲ್‌ಪುರದಲ್ಲಿ ಹನ್ನೆರಡು ವರ್ಷ ಇದ್ವಿ. ಎದುರು ಫ್ಲ್ಯಾಟಿನವರ ಬಾಗಿಲು ಹಸಿರೋ ನೀಲಿನೋ ಅಂತ ನೆನಪಿಲ್ಲ ನಂಗೆ. ಯಾರೂ ಡಬ್ಬಿ ಕಳಿಸ್ಲಿಲ್ಲ, ನಾವೂ ಕಳಿಸ್ಲಿಲ್ಲ. ಅದೇ ಸರಳ ಜೀವನ.

ತಮಾಷೆಯಲ್ಲಿ ಹೇಳಿದ್ದರೆ ನಗಬಹುದಿತ್ತು, ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಹೇಳಿದಳು. ಈ ಮನೆ ನನಗೆ ನಿಜಕ್ಕೂ ಹಿಡಿಸಿತ್ತು. ಬೆಳಿಗ್ಗೆ ಬೇವಿನ ಮರದ ಕೆಳಗೆ ಕಾಫಿ, ಹಿತ್ತಲಲ್ಲಿ ನಾನೇ ಹಾಕಿದ ಬದನೆ, ಸೈರನ್ನಿಲ್ಲದ ದಿನ. ಇಪ್ಪತ್ತೆರಡು ವರ್ಷ ಸಾವಿರಾರು ವಾಲ್ವುಗಳನ್ನು ತಲೆಕೆಳಗು ಮಾಡಿ ನಂಬರು ನೋಡಿದವನಿಗೆ ಏನನ್ನೂ ನೋಡದೆ ಕೂರುವುದು ದೊಡ್ಡ ಸುಖ. ಆ ಸುಖವನ್ನು ಒಂದು ಸ್ಟೀಲ್ ಡಬ್ಬಿಗೆ ಬಿಟ್ಟುಕೊಡುವುದೇ?

ನಾನು: ಡಬ್ಬಿ ತೊಂದರೆ ತೀರಿದ್ರೆ ಇರ್ತೀಯಾ?

ಕಮಲಾಕ್ಷಿ: ತೀರಿದ್ರೆ ನೋಡೋಣ. ಹೇಗೆ ತೀರಿಸ್ತೀರಾ?

ನಾನು: ಖಾಲಿ ಕೊಟ್ಟು ಬರ್ತೀನಿ. ಒಂದು ಸಲ ಖಾಲಿ ಹೋದ್ರೆ ಅವರಿಗೂ ಅರ್ಥವಾಗುತ್ತೆ, ಸರಪಳಿ ಕಡಿಯುತ್ತೆ.

ಕಮಲಾಕ್ಷಿ: ನೀವು? ನಮ್ಮ ಮದುವೇಲಿ ವೀಳ್ಯದೆಲೆ ತಟ್ಟೆ ಹಿಡ್ಕೊಳ್ಳೋಕೆ ನಾಚ್ಕೊಂಡಿದ್ದೋರು.

ವಿಂಧ್ಯಾ ಉಳಿದ ಎರಡು ತುಂಡನ್ನೂ ಬಾಯಿಗೆ ಹಾಕಿಕೊಂಡು ಡಬ್ಬಿಯನ್ನು ಖಾಲಿ ಮಾಡಿಕೊಟ್ಟಳು. ನಾನು ತೊಳೆದು, ಒರೆಸಿ, ಮುಚ್ಚಳ ಹಾಕಿಕೊಂಡು ಹೊರಟೆ. ಗೋಡೆಯ ಆಚೆ ಸುಮಿತ್ರಾಬೆನ್ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನನ್ನ ಕೈಯಲ್ಲಿ ಡಬ್ಬಿ ಕಂಡದ್ದೇ ಅವರ ಮುಖದ ನಗು ಅರ್ಧಕ್ಕೆ ನಿಂತಿತು. ಒಬ್ಬಟ್ಟಿನ ಆಸೆಯಿಂದ ಎಂದು ನಾನು ಲೆಕ್ಕ ಹಾಕಿ ಇನ್ನಷ್ಟು ಕುಗ್ಗಿದೆ. ಅವರು ಹತ್ತಿರ ಬಂದು, ಎಂದಿನಂತೆ ಅದೇ ಮಾತು ಹೇಳಿದರು.

ಸುಮಿತ್ರಾಬೆನ್: ಭಾಯ್, ಆ ಡಬ್ಬೋ ತಮಾರೋ ಜ ಛೇ.

ಈ ಡಬ್ಬಿ ನಿಮ್ಮದೇ ಎಂದು ಅದರರ್ಥ. ಹತ್ತು ತಿಂಗಳಿಂದ ಪ್ರತಿ ಸಲವೂ ಹೀಗೇ ಹೇಳುವ ಔದಾರ್ಯ ಅವರದು. ನಮ್ಮಲ್ಲೂ ಉಂಟಲ್ಲ, 'ನಿಮ್ಮನೇ ಅಂದ್ಕೊಳ್ಳಿ, ಸಂಕೋಚ ಬೇಡ' ಎನ್ನುವುದು. ಹಾಗೆಂದ ಮಾತ್ರಕ್ಕೆ ಯಾರೂ ಮನೆ ಬರೆಸಿಕೊಳ್ಳುವುದಿಲ್ಲ. ನಾನೂ ಮರ್ಯಾದಸ್ಥನಂತೆ ತಲೆ ಬಾಗಿಸಿ ಎಂದಿನ ಉತ್ತರ ಕೊಟ್ಟೆ.

ನಾನು: ನಾ, ನಾ, ಬೆನ್. ತಮಾರೋ ಜ, ತಮಾರೋ ಜ.

ಅವರು 'ತಮಾರೋ' ಎಂದರು. ನಾನು 'ತಮಾರೋ' ಎಂದೆ. ಎಮ್ಮೆ ಇಬ್ಬರನ್ನೂ ನೋಡಿತು. ಕೊನೆಗೆ ಡಬ್ಬಿಯನ್ನು ಗೋಡೆಯ ಮೇಲೆ ಇಟ್ಟು, ಹಾಲು ಕುಡಿದ ಬೆಕ್ಕಿನಂತೆ ಹಿಂದೆ ನೋಡದೆ ಮನೆಗೆ ಬಂದುಬಿಟ್ಟೆ.

ನಾನು: ಮುಗೀತು. ಖಾಲಿ ಕೊಟ್ಟು ಬಂದೆ.

ಕಮಲಾಕ್ಷಿ: ಏನಂದ್ರು?

ನಾನು: ಎಂದಿನ ಹಾಗೆ. ನಿಮ್ದೇ ಅಂದ್ರು. ದೊಡ್ಡ ಮನಸ್ಸು.

ಕಮಲಾಕ್ಷಿ: ತೆಗೆದು ನೋಡಿದ್ರಾ?

ನಾನು: ನೋಡೋವರೆಗೆ ನಿಲ್ಲೋಕೆ ನಾನೇನು ದಡ್ಡನಾ?

ಈ ಪ್ರಶ್ನೆಗೆ ಅವಳು ಉತ್ತರಿಸುವ ಮೊದಲೇ ಬಾಗಿಲಲ್ಲಿ ಬಳೆ ಸದ್ದಾಯಿತು. ಸುಮಿತ್ರಾಬೆನ್ ನಿಂತಿದ್ದರು, ಕಂಕುಳಲ್ಲಿ ಡಬ್ಬಿ. ಮುಚ್ಚಳ ಸರಿಯಾಗಿ ಕೂರದಷ್ಟು ಹಸಿ ಕಡಲೆಕಾಯಿ ತುಂಬಿತ್ತು. ಕಮಲಾಕ್ಷಿ ನನ್ನ ಕಡೆ ನೋಡಲಿಲ್ಲ. ನೋಡದಿದ್ದಾಗಲೇ ಹೆಚ್ಚು ಭಯ. ನಾನು ಮಾಡಿದ ತಪ್ಪನ್ನು ಮುಚ್ಚುವವಳಂತೆ ಅವರನ್ನು ಮಣೆ ಹಾಕಿ ಕೂರಿಸಿದಳು, ನೀರು ಕೊಟ್ಟಳು, ಬಿಸಿಲು ಜಾಸ್ತಿಯಾಗಿದೆ ಎಂದಳು. ಸುಮಿತ್ರಾಬೆನ್ ನೀರು ಕುಡಿದು, ಸೆರಗು ಸರಿಮಾಡಿಕೊಂಡು, ವಿಂಧ್ಯಾಳನ್ನು ಪಕ್ಕಕ್ಕೆ ಕರೆದು ಗುಜರಾತಿಯಲ್ಲಿ ಒಂದೇ ಉಸಿರಿಗೆ ಏನೇನೋ ಹೇಳತೊಡಗಿದರು. ನಡುವೆ 'ಡಬ್ಬೋ' ಎಂಬ ಮಾತು ಆರು ಸಲ ಬಂತು, 'ಘೀ' ಎಂಬುದು ನಾಲ್ಕು ಸಲ.

ಕಮಲಾಕ್ಷಿ: ಏನಂತಾರೆ?

ವಿಂಧ್ಯಾ: ಮಮ್ಮಿ, ಆಂಟಿ ಹೇಳ್ತಾರೆ, ಡಬ್ಬಾ ನಿಮ್ದು. ನೀವು ಯಾಕೆ ಇಟ್ಕೊಳಲ್ಲ ಅಂತ ಕೇಳ್ತಾರೆ.

ನಾನು: ಹಾಗಲ್ಲಮ್ಮ. 'ನಿಮ್ಮದು ಅಂದುಕೊಳ್ಳಿ' ಅಂತ. ಅದು ಉಪಚಾರದ ಮಾತು. ನಿನಗೆ ಕನ್ನಡವೂ ಬರಲ್ಲ, ಈಗ ಗುಜರಾತಿಯೂ ಹೋಯ್ತಾ?

ವಿಂಧ್ಯಾ: ಇಲ್ಲ ಪಪ್ಪಾ. ನಿಜವಾಗ್ಲೂ ನಿಮ್ದು ಅಂತೆ. ನೀವು ಮನೆಗೆ ಬಂದ ದಿನ, ನೀವೇ ತಗೊಂಡು ಹೋದ್ರಂತೆ. ಛಾಸ್ ತಗೊಳ್ಳೋಕೆ, ಮಜ್ಜಿಗೆ.

ನಾನು: ಯಾರು, ನಾನಾ?

ವಿಂಧ್ಯಾ: ಛಾಸ್ ಆಗ ಮಾಡಿರ್ಲಿಲ್ಲ, ಆಮೇಲೆ ಕಳಿಸ್ತೀವಿ ಅಂತ ಡಬ್ಬಾ ಇಟ್ಕೊಂಡ್ರಂತೆ. ಸಂಜೆ ಕಳಿಸಿದ್ರು. ನೀವು ಸಾರು ಹಾಕಿ ವಾಪಸ್ ಕೊಟ್ರಿ. ಆಂಟಿ ಮತ್ತೆ ನಿಮ್ಮ ಡಬ್ಬಾ ನಿಮಗೆ ಕೊಡೋಕೆ ಬಂದ್ರು. ಖಾಲಿ ಹೇಗೆ ಕೊಡೋದು ಅಂತ ಥೇಪ್ಲಾ ಹಾಕಿದ್ರು. ನೀವು ಮತ್ತೆ ಕಳಿಸಿದ್ರಿ.

ಸಾಮಾನು ತಂದ ದಿನದ ಮಸುಕು ಮಸುಕಾದ ನೆನಪೊಂದು ನನಗೆ ಬರತೊಡಗಿತು. ಕಮಲಾಕ್ಷಿ ಇನ್ನೂ ಮಂಜಲ್‌ಪುರದಲ್ಲಿ ಕೊನೆಯ ಗಂಟು ಕಟ್ಟುತ್ತಿದ್ದಳು. ನಾನು ಇಲ್ಲಿ ಒಬ್ಬನೇ, ಬಾಯಾರಿಕೆ, ಬಿಸಿಲು. ಹಳ್ಳಿಯಲ್ಲಿ ಮಜ್ಜಿಗೆ ಮಾರುವುದಿಲ್ಲ, ಕೇಳಿದವರಿಗೆ ಸುಮ್ಮನೆ ಕೊಡುತ್ತಾರೆ ಎಂದು ಲಾರಿಯವನು ಹೇಳಿದ್ದ. ಸರಳ ಜೀವನದ ಮೊದಲ ದಿನವೇ ಬಿಟ್ಟಿ ಮಜ್ಜಿಗೆ ಎಂಬ ಸಂಭ್ರಮದಲ್ಲಿ, ಎಂದೂ ಬಿಚ್ಚದ ಗೋಣಿಚೀಲವೊಂದಕ್ಕೆ ಕೈ ಹಾಕಿ ಸಿಕ್ಕಿದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಆದರೂ ಅಷ್ಟು ಬೇಗ ಸೋಲುವುದು ಹೇಗೆ?

ನಾನು: ಅದಾಗಿದ್ರೂ ಬೇರೆ ಡಬ್ಬಿ ಇರಬೇಕು. ಇದರ ಅಡಿಯಲ್ಲಿ ಅವರ ಹೆಸರಿದೆ. ಗುಜರಾತಿಯಲ್ಲಿ. ನಾನೇ ದಿನಾ ತಿಕ್ತೀನಿ.

ವಿಂಧ್ಯಾ ಇದನ್ನು ಅವರಿಗೆ ಹೇಳಿದಳು. ಸುಮಿತ್ರಾಬೆನ್ ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಕಡಲೆಕಾಯಿಯನ್ನೆಲ್ಲ ಕಮಲಾಕ್ಷಿಯ ಮೊರಕ್ಕೆ ಸುರಿದು, ಡಬ್ಬಿಯನ್ನು ಬೋರಲು ಹಾಕಿ ನಡುಮನೆಯಲ್ಲಿ ಇಟ್ಟರು. ಗುಜರಾತಿ ತಮಗೆ ಓದಲು ಬರುತ್ತದೆ, ಇದು ಅದಲ್ಲ, ಎಂದಷ್ಟೇ ಹೇಳಿದರು. ಕಮಲಾಕ್ಷಿ ನನ್ನ ಕನ್ನಡಕ ತರಲು ಒಳಗೆ ಹೋದಳು. ಅವಳು ಬರುವ ಮೊದಲೇ ವಿಂಧ್ಯಾ ನೆಲಕ್ಕೆ ಬಗ್ಗಿ, ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದತೊಡಗಿದ್ದಳು.

ವಿಂಧ್ಯಾ: ಛೀ…

ನಾನು: ಏನದು ಛೀ? ಸರಿಯಾಗಿ ಓದು.

ವಿಂಧ್ಯಾ: ಹಾಗೇ ಬರೆದಿದಾರೆ ಪಪ್ಪಾ. ಚಿ. ಆಮೇಲೆ ಬಾ… ಲ… ಚಂ… ದ್ರ. ಛೀ, ಬಾಲಚಂದ್ರ.

ಕಮಲಾಕ್ಷಿ (ಕನ್ನಡಕ ಕೈಯಲ್ಲಿ ಹಿಡಿದು): ಸರಿಯಾಗೇ ಬರೆದಿದಾರೆ.

ನಾನು: ಅದು ಚಿರಂಜೀವಿ ಅಂತ.

ಕಮಲಾಕ್ಷಿ: ನೀವು ಇನ್ನೂ ನೂರು ವರ್ಷ ಇರಿ, ಬೇಡ ಅನ್ನಲ್ಲ. ಮುಂದೆ ಓದಮ್ಮ.

ವಿಂಧ್ಯಾ: ಸೌ. ಕಮ… ಲಾ… ಕ್ಷಿ. ಮಮ್ಮಿ, ನಿನ್ನ ಹೆಸರೂ ಇದೆ. ಇಂದಿ… ರತ್ತೆ. ತಿಪ… ಟೂರು.

ನಮ್ಮ ಮದುವೆಗೆ ತಿಪಟೂರಿನ ಇಂದಿರತ್ತೆ ಕೊಟ್ಟಿದ್ದ ಉಡುಗೊರೆ. ಒಳ್ಳೆಯ ಕಾಲಕ್ಕೆ ಇರಲಿ ಎಂದು ಕಮಲಾಕ್ಷಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಳು. ಇರುವುದನ್ನು ಎಸೆಯಬಾರದು ಎಂಬ ನನ್ನ ಎರಡನೇ ಸೂತ್ರವನ್ನು ಅವಳು ಮದುವೆಯಾದಾಗಿನಿಂದ ಪಾಲಿಸುತ್ತ ಬಂದಿದ್ದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಸ್ವಂತ ಹೆಸರಿಗೆ ಹತ್ತು ತಿಂಗಳು ಬೂದಿ ಹಾಕಿ ತಿಕ್ಕಿದ್ದೇನೆ, ಅದೂ ಪರರ ಹೆಸರೆಂದು ಮರ್ಯಾದೆಯಿಂದ. ತಾಯಿಭಾಷೆಯ ಅಕ್ಷರದ ಮೇಲೆ ಅರ್ಧ ಗಂಟೆ ಹಿಂದೆ ನಾನು ಮಾಡಿದ ಉಪದೇಶ ವಿಂಧ್ಯಾಗೆ ನೆನಪಾಗದಿರಲಿ ಎಂದು ದೇವರನ್ನು ಬೇಡಿಕೊಂಡೆ.

ವಿಂಧ್ಯಾ: ಪಪ್ಪಾ, ಗುರುತು ಹತ್ತದವರು ಮನುಷ್ಯರೇ ಅಂದ್ರೆ ಏನು ಅರ್ಥ?

ಕಮಲಾಕ್ಷಿ: ಆಮೇಲೆ ಹೇಳ್ಕೊಡ್ತೀನಿ. ಈಗ ಉದಾಹರಣೆ ನೋಡ್ಕೋ, ಸಾಕು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂದ ಹಾಗಾಯ್ತು. ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಷನ್ನು.

ಅಷ್ಟರಲ್ಲಿ ಸುಮಿತ್ರಾಬೆನ್ ತಮ್ಮ ಕಷ್ಟವನ್ನೂ ಹೇಳಿಕೊಂಡರು, ವಿಂಧ್ಯಾ ತನಗೆ ಬಂದಂತೆ ಕನ್ನಡ ಮಾಡಿದಳು. ಎಷ್ಟು ಸಲ ಕೊಟ್ಟರೂ ಡಬ್ಬಿ ತಿರುಗಿ ಬರುವುದನ್ನು ಕಂಡು ಅವರ ಅತ್ತೆ, 'ಇದು ಅವರ ಕಡೆಯ ಯಾವುದೋ ವ್ರತ, ವರ್ಷ ತುಂಬುವವರೆಗೆ ನಡೆಸಬೇಕಾಗುತ್ತದೆ, ನೀನು ನಡುವೆ ಬಿಟ್ಟು ಪಾಪ ಕಟ್ಟಿಕೊಳ್ಳಬೇಡ' ಎಂದಿದ್ದರಂತೆ. ಅವರೂ ಭಯಭಕ್ತಿಯಿಂದ ನಡೆಸಿದ್ದರು. ಉಧ್ನಾದಲ್ಲಿರುವ ಮಗಳು ಪೂರ್ವಿಗೆ ಈಗ ಏಳು ತಿಂಗಳು. ಅವಳ ಬಾಣಂತನಕ್ಕೆಂದು ಕೂಡಿಸಿಟ್ಟಿದ್ದ ತುಪ್ಪದಲ್ಲಿ ಮೋಹನಥಾಳ್ ಮಾಡಿದ್ದಾಗಿತ್ತು. ಇನ್ನೂ ಒಂದು ಸುತ್ತು ಬಂದರೆ ಎಮ್ಮೆಯನ್ನೇ ಡಬ್ಬಿಯಲ್ಲಿ ಹಾಕಿ ಕಳಿಸಬೇಕಾಗುತ್ತದೆ ಎಂದು ಅವರ ಯಜಮಾನರು ರೇಗಿದ್ದರಂತೆ. ಇವತ್ತು ಡಬ್ಬಿ ಖಾಲಿ ಬಂದದ್ದು ಕಂಡಾಗ ವ್ರತ ಮುಗಿಯಿತು ಎಂದು ಅವರು ದೇವರಿಗೆ ದೀಪ ಹಚ್ಚಿ ಬಂದಿದ್ದರು.

ಕಮಲಾಕ್ಷಿ ಅದನ್ನು ಕೇಳಿ ಮೊದಲು ನಕ್ಕಳು. ಬಾಣಂತನದ ತುಪ್ಪ ಎಂಬ ಮಾತು ಕಿವಿಗೆ ಬಿದ್ದಾಗ ನಗು ನಿಂತಿತು. ಎದ್ದು ಹೋಗಿ ಸುಮಿತ್ರಾಬೆನ್ ಕೈ ಹಿಡಿದುಕೊಂಡು, ತನಗೆ ಬರುವ ಹರಕು ಗುಜರಾತಿಯಲ್ಲಿ ಏನೋ ಹೇಳಿದಳು. ಅವರೂ ಏನೋ ಹೇಳಿದರು. ಇಬ್ಬರ ಕಣ್ಣೂ ಒದ್ದೆಯಾಯಿತು. ನನಗೆ ಕೇಳಿಸಿದ್ದು 'ಸಾರುಂ' ಎಂಬುದೊಂದೇ. ಯಾವ ಸಾರು ಎಂದು ಈ ಸಲ ಕೇಳಲಿಲ್ಲ.

ಅವರು ಹೋದ ಮೇಲೆ ಕಮಲಾಕ್ಷಿ ಮೊರದ ಮುಂದೆ ಕುಳಿತು ಕಡಲೆಕಾಯಿಯ ಮಣ್ಣು ಕೊಡವತೊಡಗಿದಳು.

ಕಮಲಾಕ್ಷಿ: ರಾಕೇಶ್‌ಗೆ ಫೋನ್ ಮಾಡಿ.

ನಾನು: ಏನಂತ?

ಕಮಲಾಕ್ಷಿ: ಇರು ಅಂತ. ಒಬ್ಬ ಹೆಂಗಸು ಮಗಳ ತುಪ್ಪ ತೆಗೆದು ನನಗೆ ತಿನ್ಸಿದಾರೆ. ಅಂಥೋರ ಪಕ್ಕ ಬಿಟ್ಟು ಆ ಬಾಗಿಲಿನ ಬಣ್ಣ ನೋಡೋಕೆ ಹೋಗ್ಲಾ?

ರಾಕೇಶ್ ಸಿಕ್ಕಿದ. ಆ ಇನ್ನೊಂದು ಮನೆಯವರಿಗೆ ಇನ್ನೂ ಮಾತು ಕೊಟ್ಟಿರಲಿಲ್ಲ, ಪುಣ್ಯಕ್ಕೆ. ಆಗಲೇ ಅಡುಗೆಮನೆಯ ಟೈಲ್ಸ್ ತಿಕ್ಕಿ ತೊಳೆಯಲು ಶುರು ಮಾಡಿದ್ದೇನೆ ಎಂದ. ತೊಳೆಯುವುದನ್ನು ನಿಲ್ಲಿಸಬೇಡ, ಮನೆಯಲ್ಲಿರು ಎಂದೆ. ಡಬ್ಬಿಯ ಕಥೆ ಹೇಳಲು ಹೋಗಲಿಲ್ಲ.

ಡಬ್ಬಿಯನ್ನು ಕಮಲಾಕ್ಷಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹೆಸರು ಕಾಣುವಂತೆ ಬೋರಲು ಹಾಕಿಟ್ಟಳು. ನಾನು ಪ್ರತಿ ಸಲ ನೀರು ಕುಡಿಯಲು ಹೋದಾಗಲೂ ಅದು ನನಗೆ ಛೀ ಎನ್ನುತ್ತಿತ್ತು. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಗೋಡೆಯ ಆಚೆಯಿಂದ ಏನೂ ಬರಲಿಲ್ಲ, ಈಚೆಯಿಂದ ಏನೂ ಹೋಗಲಿಲ್ಲ. ಹುಳಿಯನ್ನ ತಿಂದೆವು. ನನ್ನ ಮೂರೂ ಸೂತ್ರಗಳು ಮೊದಲ ಬಾರಿಗೆ ಒಟ್ಟಿಗೆ ಜಾರಿಗೆ ಬಂದಿದ್ದವು. ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಕಮಲಾಕ್ಷಿ ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗಿ, ಬದನೆ ಗಿಡ ನೋಡುವ ನೆಪದಲ್ಲಿ ಗೋಡೆ ನೋಡಿ ಬರುತ್ತಿದ್ದಳು.

ಬುಧವಾರ ಬೆಳಿಗ್ಗೆ ಸೂತ್ರದ ಹಾಳೆಯಲ್ಲಿ ಐದನೆಯದೊಂದು ಕಂಡಿತು: ತುಪ್ಪ ಹಾಕಿದ್ದು ಗೋಡೆ ದಾಟಬಾರದು. ಅದರ ಕೆಳಗೆ ವಿಂಧ್ಯಾಳ ವಕ್ರ ಅಕ್ಷರದಲ್ಲಿ ಗುಜರಾತಿ ಅನುವಾದವೂ ಇತ್ತು. ಆಚೆ ಮನೆಗೂ ಒಂದು ಪ್ರತಿ ಹೋಗಿದೆ ಎಂದು ಆಮೇಲೆ ತಿಳಿಯಿತು. ಅಡುಗೆಮನೆಯಿಂದ ಸಾರಿನ ಪರಿಮಳ ಬರುತ್ತಿತ್ತು. ಪುಡಿಯ ಡಬ್ಬ ಬಡಿದು ಬಡಿದು ಕೊನೆಯ ಎರಡು ಚಮಚ ತೆಗೆದಿದ್ದಳು. ಇಂದಿರತ್ತೆಯ ಡಬ್ಬಿಯನ್ನು ಬಿಸಿಬಿಸಿಯಾಗಿ ತುಂಬಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟಳು.

ಕಮಲಾಕ್ಷಿ: ಸುಮಿತ್ರಾಬೆನ್‌ಗೆ ಕೊಟ್ಟು ಬನ್ನಿ.

ನಾನು: ಕಮಲಾ, ಇದು ನಮ್ಮ ಡಬ್ಬಿ ಅಂತ ಗೊತ್ತಾಯ್ತಲ್ಲ?

ಕಮಲಾಕ್ಷಿ: ಗೊತ್ತಾಗಿದ್ದಕ್ಕೇ ಕಳಿಸ್ತಿರೋದು. ನಮ್ಮ ಡಬ್ಬಿ ಅಂದ್ಮೇಲೆ ವಾಪಸ್ ಬರ್ಲೇಬೇಕಲ್ಲ.

ನಾನು: ಒಂದು ವೇಳೆ ಖಾಲಿ ಕೊಟ್ರೆ?

ಕಮಲಾಕ್ಷಿ: ಕನ್ನಡಕ ಹಾಕ್ಕೊಂಡು ತಿರುಗಿಸಿ ನೋಡಿ. ಖಾಲಿ ಬಂದಿದ್ದು ನಮ್ದಾಗಿರಲ್ಲ.